ಅತಿಥಿಗೆ ಮನೆ ಬಿಟ್ಟುಕೊಟ್ಟ ಊರು

ಧರ್ಮಸ್ಥಳದ ಕಥೆ ಶುರುವಾಗುವುದೇ ಮನೆಗೆ ಬಂದ ಗುರುತಿಲ್ಲದ ಅತಿಥಿಗಳಿಂದ. ಈಗಿನ ಬೆಳ್ತಂಗಡಿ ತಾಲ್ಲೂಕಿನ ಮಲ್ಲರ್ಮಾಡಿಯಲ್ಲಿ, ಆಗ ಕುಡುಮ ಎಂದು ಕರೆಯುತ್ತಿದ್ದ ಜಾಗದಲ್ಲಿ, ನೆಲ್ಯಾಡಿ ಬೀಡು ಎಂಬ ಮನೆ ಇತ್ತು. ಯಜಮಾನ ಜೈನ ಮನೆತನದ ಬಿರ್ಮಣ್ಣ ಪೆರ್ಗಡೆ, ಯಜಮಾನಿ ಅಮ್ಮು ಬಲ್ಲಾಳ್ತಿ. ಸುಮಾರು 800 ವರ್ಷಗಳ ಹಿಂದೆ ಧರ್ಮದೈವಗಳು ಮನುಷ್ಯರ ವೇಷದಲ್ಲಿ ಈ ಮನೆಯ ಅಂಗಳಕ್ಕೆ ಬಂದವು ಎಂದು ಸ್ಥಳಪುರಾಣ ಹೇಳುತ್ತದೆ. ಬಂದವರು ಯಾರು, ಎಲ್ಲಿಯವರು ಎಂದು ವಿಚಾರಿಸುವ ಮೊದಲೇ ಗಂಡ ಹೆಂಡತಿ ಇಬ್ಬರೂ ಕಾಲಿಗೆ ನೀರು ಕೊಟ್ಟು, ಊಟಕ್ಕೆ ಕೂರಿಸಿ, ಮನಸಾರೆ ಉಪಚರಿಸಿದರು. ಅಂದು ರಾತ್ರಿ ಪೆರ್ಗಡೆಯ ಕನಸಿನಲ್ಲಿ ಆ ಅತಿಥಿಗಳು ನಿಜರೂಪದಲ್ಲಿ ಕಾಣಿಸಿಕೊಂಡು ತಾವು ಬಂದ ಕಾರಣ ತಿಳಿಸಿದರು. ಈ ಮನೆಯನ್ನು ನಮಗೆ ಬಿಟ್ಟುಕೊಡು, ಉಳಿದ ಬದುಕನ್ನು ಧರ್ಮಕ್ಕೆ ಕೊಡು ಎಂಬುದು ಅವರ ಅಪ್ಪಣೆ. ಪೆರ್ಗಡೆ ಎದುರಾಡಲಿಲ್ಲ. ಹುಟ್ಟಿ ಬೆಳೆದ ಬೀಡನ್ನು ದೈವಗಳಿಗೆ ಒಪ್ಪಿಸಿ, ತನಗೆ ಬೇರೆ ಮನೆ ಕಟ್ಟಿಕೊಂಡ. ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ಹೆಸರಿನಲ್ಲಿ ಆ ದೈವಗಳಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಅಣ್ಣಪ್ಪ ದೈವ ಕದ್ರಿಗೆ ಹೋಗಿ ಮಂಜುನಾಥನ ಲಿಂಗ ತಂದದ್ದು ಆ ಮೇಲಿನ ಮಾತು.

ಇದನ್ನು ಇತಿಹಾಸದ ತಕ್ಕಡಿಯಲ್ಲಿಟ್ಟು ತೂಗುವ ಅಗತ್ಯ ನನಗೆ ಕಾಣುವುದಿಲ್ಲ. ನಾಡಿನ ಪುಣ್ಯಕ್ಷೇತ್ರಗಳ ಹುಟ್ಟಿನ ಕಥೆಗಳಲ್ಲಿ ರಾಕ್ಷಸ ಸಂಹಾರವಿದೆ, ತಪಸ್ಸಿದೆ, ಹುತ್ತಕ್ಕೆ ಹಾಲು ಸುರಿಸಿದ ಹಸುವಿದೆ. ಇಲ್ಲಿರುವುದು ಒಂದು ಹೊತ್ತಿನ ಊಟ ಮತ್ತು ಮಲಗಲು ಕೊಟ್ಟ ಜಾಗ. ದಿನಕ್ಕೆ ಸಾವಿರ ಸಾವಿರ ಜನರಿಗೆ ಅನ್ನ ಬಡಿಸುವ, ಸಾಲು ಸಾಲು ವಸತಿಗೃಹಗಳಿರುವ ಇಂದಿನ ಧರ್ಮಸ್ಥಳ ಹೇಗೆ ಬಂತು ಎಂದು ಕೇಳಿದರೆ, ಉತ್ತರ ಹುಡುಕಿಕೊಂಡು ಬೆಳ್ತಂಗಡಿಯಿಂದ ಮೂಡುಬಿದಿರೆಗೂ ಬಂಟ್ವಾಳಕ್ಕೂ ಹೋಗಬೇಕಾಗುತ್ತದೆ.

ಮೂಡುಬಿದಿರೆಯಲ್ಲಿ ಸಿಗುವುದು ಈ ಆತಿಥ್ಯದ ಹಿಂದಿನ ವಿಚಾರ. ಜೈನರ ಗೃಹಸ್ಥಧರ್ಮದಲ್ಲಿ ದಾನ ನಾಲ್ಕು ಬಗೆ: ಆಹಾರ, ಔಷಧ, ಶಾಸ್ತ್ರ, ಅಭಯ. ಅದರಲ್ಲಿ ಆಹಾರದಾನಕ್ಕೆ ಒಂದು ಕ್ರಮವಿದೆ. ದಿಗಂಬರ ಮುನಿ ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯನ್ನೇ ಪಾತ್ರೆ ಮಾಡಿಕೊಂಡು, ಮಾತಿಲ್ಲದೆ ಉಣ್ಣುತ್ತಾರೆ. ಇಂಥವರ ಮನೆಗೇ ಬರುತ್ತೇನೆಂದು ಮೊದಲೇ ಹೇಳುವುದಿಲ್ಲ. ಅಡುಗೆ ಮಾಡಿಟ್ಟು, ಬಾಗಿಲಲ್ಲಿ ಕೈಮುಗಿದು ನಿಂತು, ನಮ್ಮ ಮನೆಗೆ ಬರಬಹುದೇ ಎಂದು ಕಾಯಬೇಕಾದವನು ಮನೆಯ ಯಜಮಾನ. ಬಂದರೆ ಅದು ಅವನ ಭಾಗ್ಯ.

ಮೂಡುಬಿದಿರೆಯ ಕವಿ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಬರೆದ ‘ಭರತೇಶ ವೈಭವ’ದಲ್ಲಿ ಇದಕ್ಕಾಗಿಯೇ ‘ಮುನಿಭುಕ್ತಿ ಸಂಧಿ’ ಎಂಬ ಭಾಗವಿದೆ. ಭೂಮಂಡಲ ಗೆದ್ದ ಭರತ ಚಕ್ರವರ್ತಿ ತಾನು ಉಣ್ಣುವ ಮೊದಲು ಮುನಿಗಳ ದಾರಿ ಕಾಯುತ್ತಾನೆ. ಮುನಿಗಳ ಊಟವಾದ ಮೇಲೆಯೇ ಅರಸನ ಊಟ. ಕಾವ್ಯದಲ್ಲೂ ‘ರಾಜಭುಕ್ತಿ’ ಬರುವುದು ಅದರ ನಂತರ. ಅರಮನೆಯ ವೈಭವವನ್ನು ಅಷ್ಟು ಸಡಗರದಿಂದ ಹಾಡಿದ ಕವಿ, ಆ ವೈಭವದ ಒಡೆಯನನ್ನು ಅತಿಥಿಗಾಗಿ ಕಾಯುತ್ತ ನಿಲ್ಲಿಸಿದ್ದಾನೆ. ಈ ಕಾವ್ಯವನ್ನು ಓದಿ ಹಾಡಿ ಬೆಳೆದ ಸೀಮೆಯಲ್ಲಿ ದೊಡ್ಡ ಮನೆಯ ದೊಡ್ಡಸ್ತಿಕೆಯನ್ನು ಅಲ್ಲಿ ಉಂಡವರ ಲೆಕ್ಕದಿಂದ ಅಳೆದರೆ ಆಶ್ಚರ್ಯವೇನು?

ಮೂಡುಬಿದಿರೆಗೂ ಯಾತ್ರಿಕರು ಬರುತ್ತಲೇ ಇದ್ದರು. 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿ, ಊರಿನ ಹದಿನೆಂಟು ಬಸದಿಗಳು, ಅದಕ್ಕಿಂತ ಹೆಚ್ಚಾಗಿ ಗುರುಬಸದಿಯಲ್ಲಿದ್ದ, ಜೈನರಿಗೆ ಪವಿತ್ರವಾದ ಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಅವರನ್ನು ಸೆಳೆಯುತ್ತಿದ್ದವು. ಉತ್ತರದಿಂದ ತಿಂಗಳುಗಟ್ಟಲೆ ದಾರಿ ನಡೆದು ಬಂದವರಿಗೆ ಆ ಗ್ರಂಥಗಳ ದರ್ಶನವೇ ಫಲ. ಓದುವುದಿರಲಿ, ಮುಟ್ಟುವಂತೆಯೂ ಇರಲಿಲ್ಲ. 19ನೆಯ ಶತಮಾನದ ಕೊನೆಗೆ ಅವುಗಳನ್ನು ನಕಲು ಮಾಡುವ ಕೆಲಸ ಶುರುವಾಯಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಅವು ಅಚ್ಚಾಗತೊಡಗಿದವು. ಅಲ್ಲಿಯವರೆಗೆ ಆ ಗರಿಗಳನ್ನು ಕಾಪಾಡಿದ್ದು, ಅವನ್ನು ನೋಡಲು ಬಂದವರನ್ನು ಇಳಿಸಿಕೊಂಡದ್ದು ಈ ಊರು.

ಇನ್ನು ಬಂಟ್ವಾಳ. ಅಲ್ಲಿ ಸಿಗುವುದು ದಾರಿ. ಘಟ್ಟದ ಮೇಲಿನಿಂದ ಬರುವ ಸರಕು ಇಲ್ಲಿ ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು; ಕರಾವಳಿಯ ಸರಕು ಇಲ್ಲಿ ದೋಣಿ ಇಳಿದು ಘಟ್ಟ ಹತ್ತುತ್ತಿತ್ತು. ಬ್ರಿಟಿಷ್ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಜಮಲಾಬಾದ್, ವೇಣೂರು, ಮೂಡುಬಿದಿರೆ ಹಾದು ಕಾರ್ಕಳಕ್ಕೆ ಹೋದದ್ದು ಈ ದಾರಿಯಲ್ಲೇ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವೇಣೂರಿನ ಗೊಮ್ಮಟನನ್ನು ನೋಡಿ ಬರೆದೂ ಇದ್ದಾನೆ. ಇಂದಿಗೂ ಮಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟ ಬಸ್ಸುಗಳು ಬಿ.ಸಿ. ರೋಡಿನಲ್ಲಿ ತಿರುಗಿ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಊರುಗಳನ್ನು ಒಂದೊಂದಾಗಿ ದಾಟುತ್ತವೆ.

ಹೀಗೆ ಕುಡುಮಕ್ಕೆ ಬಂದ ಒಬ್ಬ ಅತಿಥಿ ಉಣ್ಣಲು ಒಪ್ಪದೇ ಹೋದದ್ದರಿಂದ ಊರಿನ ಹೆಸರೇ ಬದಲಾಯಿತು. 16ನೆಯ ಶತಮಾನದಲ್ಲಿ ಪೆರ್ಗಡೆ ಮನೆತನದ ದೇವರಾಜ ಹೆಗ್ಗಡೆಯವರು ಸೋದೆಯ ವಾದಿರಾಜ ಸ್ವಾಮಿಗಳನ್ನು ಕುಡುಮಕ್ಕೆ ಆಹ್ವಾನಿಸಿದರು. ಸ್ವಾಮಿಗಳು ಬಂದರು, ಆದರೆ ಭಿಕ್ಷೆ ಸ್ವೀಕರಿಸಲಿಲ್ಲ. ಲಿಂಗಕ್ಕೆ ವೈದಿಕ ಕ್ರಮದ ಪ್ರತಿಷ್ಠೆ ಆಗಿಲ್ಲ ಎಂಬುದು ಅವರ ಕಾರಣ. ಹಾಗಾದರೆ ತಾವೇ ಪ್ರತಿಷ್ಠೆ ಮಾಡಿಸಿಕೊಡಿ ಎಂದು ಹೆಗ್ಗಡೆಯವರು ಬಿನ್ನವಿಸಿಕೊಂಡರು. ಪ್ರತಿಷ್ಠೆಯಾಯಿತು, ಊಟವಾಯಿತು, ಕುಡುಮ ಧರ್ಮಸ್ಥಳವಾಯಿತು. ಶಿವನ ಗುಡಿ, ವೈಷ್ಣವ ಅರ್ಚಕರು, ಜೈನ ಧರ್ಮಾಧಿಕಾರಿ ಎಂಬ ಅಪರೂಪದ ಏರ್ಪಾಡನ್ನು ಎಲ್ಲರೂ ಕೊಂಡಾಡುತ್ತಾರೆ. ಅದರ ಬುಡದಲ್ಲಿ ಅತಿಥಿ ಉಣ್ಣದೆ ಹೋಗಬಾರದೆಂಬ ಮನೆಯವರ ಸಂಕಟವಿತ್ತು ಎಂಬುದನ್ನು ಮರೆಯಬಾರದು.

ಈಗಿನ ರೂಪ ಬಂದದ್ದು 20ನೆಯ ಶತಮಾನದಲ್ಲಿ. ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ, 1930ರ ದಶಕದಲ್ಲಿ, ಕಾರ್ತಿಕದ ಲಕ್ಷದೀಪೋತ್ಸವದ ಜೊತೆ ಸರ್ವಧರ್ಮ ಸಮ್ಮೇಳನ ಮತ್ತು ಸಾಹಿತ್ಯ ಸಮ್ಮೇಳನ ಸೇರಿಕೊಂಡವು. ಭಕ್ತರ ಜೊತೆಗೆ ಬೇರೆ ಮತದ ವಿದ್ವಾಂಸರು, ಕವಿಗಳು ಅತಿಥಿಗಳಾದರು. 1968ರ ಅಕ್ಟೋಬರ್ 24ರಂದು ವೀರೇಂದ್ರ ಹೆಗ್ಗಡೆಯವರು 21ನೆಯ ಧರ್ಮಾಧಿಕಾರಿಯಾಗಿ ಪಟ್ಟವೇರಿದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1972ರಲ್ಲಿ ಸಾಮೂಹಿಕ ವಿವಾಹ ಶುರುವಾಯಿತು. ಸೀರೆ, ಪಂಚೆ, ತಾಳಿ, ಬಂದ ನೆಂಟರ ಊಟ ಎಲ್ಲವೂ ಕ್ಷೇತ್ರದ್ದು. ಮಗಳ ಮದುವೆಗೆ ಸಾಲ ಮಾಡಿ ಹೊಲ ಕಳೆದುಕೊಳ್ಳುತ್ತಿದ್ದ ಬಡ ಸಂಸಾರಗಳಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಮಲೆನಾಡು, ಬಯಲುಸೀಮೆಯ ಹಳ್ಳಿಗಳಲ್ಲಿ ಕೇಳಿ ತಿಳಿಯಬೇಕು.

ವಸತಿಗೃಹಗಳು ಒಂದೊಂದಾಗಿ ಎದ್ದವು: ವೈಶಾಲಿ, ಗಂಗೋತ್ರಿ, ಸಹ್ಯಾದ್ರಿ, ರಜತಾದ್ರಿ. ಬಾಡಿಗೆ ಬಡವರ ಕೈಗೆಟುಕುವಷ್ಟೇ. ಆದರೆ ಊರಿಗೆ ಹೋಗಿ ಬಂದವರು ನೆನಪಿಟ್ಟುಕೊಂಡು ಹೇಳುವುದು ಕೋಣೆಯ ಸುದ್ದಿಯನ್ನಲ್ಲ, ಅನ್ನಪೂರ್ಣ ಛತ್ರದ ಊಟವನ್ನು. ಮಾಮೂಲಿ ದಿನಗಳಲ್ಲಿ ಹತ್ತು ಸಾವಿರದ ಆಸುಪಾಸು ಜನ ಉಣ್ಣುತ್ತಾರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ದೀಪೋತ್ಸವ, ಶಿವರಾತ್ರಿಗಳಲ್ಲಿ ಅದು ಹಲವು ಪಟ್ಟು ಏರುತ್ತದೆ. ಅಕ್ಕಿ ಹಬೆಯಲ್ಲಿ ಬೇಯುತ್ತದೆ. ಅನ್ನ, ಸಾರು, ಸಾಂಬಾರು, ಪಲ್ಯ, ಪಾಯಸ, ಮಜ್ಜಿಗೆ. ಒಂದು ಪಂಕ್ತಿ ಏಳುತ್ತಿದ್ದಂತೆ ಗುಡಿಸಿ ಒರೆಸಿ ಇನ್ನೊಂದು ಪಂಕ್ತಿ. ಹೆಸರು ಕೇಳುವವರಿಲ್ಲ, ಚೀಟಿ ಹರಿಯುವವರಿಲ್ಲ. ಪಕ್ಕದಲ್ಲಿ ಕೂತವರು ಹಾವೇರಿಯ ರೈತರೋ ಬೆಂಗಳೂರಿನ ಎಂಜಿನಿಯರೋ ಎಂದು ಬಡಿಸುವವರಿಗೆ ಗೊತ್ತೂ ಆಗುವುದಿಲ್ಲ.

ಇಲ್ಲಿ ದೂರದ ಒಂದು ಮಾತನ್ನು ಎಳೆದು ತರುತ್ತೇನೆ. ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ ಸಾವಿರಾರು ಅತಿಥಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ದೊಡ್ಡ ದೊಡ್ಡ ರೆಸಾರ್ಟುಗಳಿವೆ. ಮೊದಲೇ ಒಂದು ಮೊತ್ತ ಕಟ್ಟಿದರೆ ಮುಗಿಯಿತು. ಕೋಣೆ, ಊಟ, ಪಾನೀಯ, ಆಟ ಎಲ್ಲ ಅದರಲ್ಲೇ, ಅಲ್ಲಿರುವಷ್ಟು ದಿನ ಕೈಚೀಲಕ್ಕೆ ಕೈ ಹಾಕಬೇಕಿಲ್ಲ. ಈ ಪದ್ಧತಿಗೆ ನಾಂದಿ ಹಾಡಿದ್ದು 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಆರಂಭಿಸಿದ ಕ್ಲಬ್ ಮೆಡ್. ಜಮೈಕಾದಲ್ಲಿ ಗಾರ್ಡನ್ ಸ್ಟುವರ್ಟ್ 1981ರಲ್ಲಿ ಮಾಂಟೆಗೊ ಬೇಯ ಕಡಲ ದಂಡೆಯಲ್ಲಿ ಸ್ಯಾಂಡಲ್ಸ್ ತೆರೆದ ಮೇಲೆ ಅದು ಆ ದ್ವೀಪಗಳಲ್ಲಿ ದೊಡ್ಡ ಉದ್ಯಮವಾಯಿತು. ಅಲ್ಲಿ ಬೆವರು ಸುರಿಸುವ ಅಡುಗೆಯವರನ್ನೂ ಹಾಸಿಗೆ ಹಾಸುವವರನ್ನೂ ನಾನು ಕಿರಿದು ಮಾಡುವುದಿಲ್ಲ. ಸಾವಿರ ಜನರ ಹಸಿವು, ನೀರು, ನಿದ್ದೆ ನೋಡಿಕೊಳ್ಳುವ ಕಷ್ಟ ಎಲ್ಲಿದ್ದರೂ ಒಂದೇ. ಆದರೆ ಅಲ್ಲಿಗೆ ಕಾಲಿಡಬೇಕಾದರೆ ಮೊದಲು ಹಣ ಕಟ್ಟಬೇಕು, ಕಟ್ಟದಿದ್ದರೆ ಊರಿನವರೇ ಆದರೂ ಬೇಲಿಯ ಹೊರಗೇ. ಕುಡುಮದ ಬೀಡಿನಲ್ಲಿ ಮೊದಲು ಊಟ. ಕಾಣಿಕೆ ಹಾಕುವುದು, ಬಿಡುವುದು, ಎಷ್ಟು ಹಾಕುವುದು, ಎಲ್ಲ ಉಂಡವರ ಮನಸ್ಸಿಗೆ ಬಿಟ್ಟದ್ದು. ಹಾಕಿದವರ ಕಾಣಿಕೆಯಲ್ಲಿ ಹಾಕಲಾರದವರೂ ಉಣ್ಣುತ್ತಾರೆ.

ಬಂದವರಿಗೆ ಮೊದಲು ಉಣಿಸುವ ಧರ್ಮಸ್ಥಳದ ಪದ್ಧತಿ ಗುಡಿಯ ಗೋಡೆಯೊಳಗೆ ಉಳಿಯಲಿಲ್ಲ. ಶಿವರಾತ್ರಿ ಬಂತೆಂದರೆ ಬೆಂಗಳೂರು, ಹಾಸನದ ಕಡೆಯಿಂದ ತಂಡ ತಂಡವಾಗಿ ಪಾದಯಾತ್ರಿಗಳು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಪಾನಕ, ಕಲ್ಲಂಗಡಿ ಇಟ್ಟುಕೊಂಡು ಕಾಯುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚುವವರಿದ್ದಾರೆ. ಚಕ್ರವರ್ತಿಯ ಬಾಗಿಲು ಇಲ್ಲದಿದ್ದರೇನು, ರಸ್ತೆ ಬದಿಯ ಬೆಂಚಿನ ಹಿಂದೆ ಅತಿಥಿಗಾಗಿ ಕಾಯುವ ಜನ ಇಂದೂ ಇದ್ದಾರೆ.

ಬ್ರಹ್ಮಕಲಶೋತ್ಸವ ನಡೆಯುವ ಊರುಗಳಲ್ಲಿ ಹೊರೆಕಾಣಿಕೆಯ ಮೆರವಣಿಗೆ ನೋಡಿದವರಿಗೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕುಂಬಳ ಹೊತ್ತ ಪಿಕಪ್‌ಗಳು ಗ್ರಾಮ ಗ್ರಾಮದಿಂದ ಬಂದು ಉಗ್ರಾಣದ ಮುಂದೆ ನಿಲ್ಲುತ್ತವೆ. ರಾತ್ರಿಯಿಡೀ ಹೆಂಗಸರು ಗಂಡಸರು ಕೂಡಿ ತರಕಾರಿ ಹೆಚ್ಚುತ್ತಾರೆ. ಹೀಗೆ ಪಳಗಿದ ಕೈಗಳಿದ್ದದ್ದರಿಂದಲೇ ದೊಡ್ಡ ಸಮ್ಮೇಳನಗಳನ್ನು ಕರೆಯುವ ಧೈರ್ಯ ಮೂಡುಬಿದಿರೆಗೆ ಬಂದದ್ದು ಎಂದು ನನ್ನ ಎಣಿಕೆ. 2003ರಲ್ಲಿ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆಯಿತು. ಇಲ್ಲಿನ ಮೋಹನ ಆಳ್ವರ ‘ಆಳ್ವಾಸ್ ನುಡಿಸಿರಿ’ ಸಮ್ಮೇಳನ ಅದರ ಬೆನ್ನಿಗೇ ಹುಟ್ಟಿಕೊಂಡಿತು. 2022ರ ಡಿಸೆಂಬರ್‌ನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ಬಂದ ಹತ್ತಾರು ಸಾವಿರ ಮಕ್ಕಳಿಗೆ ವಾರವಿಡೀ ಉಣಿಸಿ ಮಲಗಿಸಿದ್ದೂ ಈ ಊರೇ.

ಆದರೆ ಬಂದು ಹೋಗುವ ಇಷ್ಟು ಜನರ ಭಾರವನ್ನು ಧರ್ಮಸ್ಥಳದ ನೆಲ ಹೊರಬಲ್ಲುದೇ? ಈ ಪ್ರಶ್ನೆಯನ್ನು ಎತ್ತಿದ್ದು 2019. ಆ ಮೇ ತಿಂಗಳಲ್ಲಿ ನೇತ್ರಾವತಿಯ ಹರಿವು ಎಷ್ಟು ಸೊರಗಿತೆಂದರೆ, ಭಕ್ತರು ಕೆಲವು ದಿನ ಯಾತ್ರೆ ಮುಂದೂಡಬೇಕೆಂದು ವೀರೇಂದ್ರ ಹೆಗ್ಗಡೆಯವರೇ ವಿನಂತಿಸಿಕೊಳ್ಳಬೇಕಾಯಿತು. ಬಂದವರಿಗೆ ಬಾಗಿಲು ತೆರೆದೇ ಬೆಳೆದ ಮನೆ, ನೀರಿಲ್ಲ, ಈಗ ಬರಬೇಡಿ ಎಂದು ಹೇಳಿತು. ಆ ಮಾತು ಆಡುವುದು ಸುಲಭವಿರಲಿಲ್ಲ, ಆದರೆ ಅದು ಸರಿಯಾದ ಮಾತು. ಅದೇ ವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ಘಾಟಿ ರಸ್ತೆಯೇ ಮುಚ್ಚಿಹೋಯಿತು. ಮೂರು ತಿಂಗಳ ಅಂತರದಲ್ಲಿ ಬರವನ್ನೂ ನೆರೆಯನ್ನೂ ಕಂಡ ತಾಲ್ಲೂಕು ಇದು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಜನ ಇನ್ನೂ ಹೆಚ್ಚಿದ್ದಾರೆ. ಜೀವಮಾನದಲ್ಲಿ ಒಮ್ಮೆಯೂ ಊರು ಬಿಟ್ಟು ಬಾರದ ಎಷ್ಟೋ ತಾಯಂದಿರು ಮಂಜುನಾಥನನ್ನು ನೋಡಿದರು ಎಂಬುದು ನನಗಂತೂ ದೊಡ್ಡ ಸಂತೋಷ. ದರ್ಶನದ ಸಾಲಿನಲ್ಲಿ ನಿಂತು ಬಸವಳಿಯುವವರಿಗಾಗಿ ಕಟ್ಟಿದ ‘ಶ್ರೀ ಸಾನ್ನಿಧ್ಯ’ ಸಂಕೀರ್ಣವನ್ನು 2025ರ ಜನವರಿ 7ರಂದು ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್ ಉದ್ಘಾಟಿಸಿದರು.

ಸಾಲಿಗೆ ನೆರಳು ಕಟ್ಟಬಹುದು, ಹೊಳೆಗೆ ನೀರು ಕಟ್ಟಿಕೊಡಲು ಯಾರಿಂದಲೂ ಆಗದು. ಅದಕ್ಕೇ ಈ ವಾರಾಂತ್ಯ ಧರ್ಮಸ್ಥಳಕ್ಕೆ ಹೊರಟವರಲ್ಲಿ ಒಂದು ಕೋರಿಕೆ. ನೇತ್ರಾವತಿಯ ಸ್ನಾನಘಟ್ಟದಲ್ಲಿ ಮಿಂದ ಮೇಲೆ ಉಟ್ಟ ಬಟ್ಟೆಯನ್ನು ನೀರಿಗೆ ಬಿಡಬೇಡಿ. ಸೋಪು, ಶಾಂಪೂ ಕವರುಗಳನ್ನು ದಡದಲ್ಲಿ ಎಸೆಯಬೇಡಿ. ಅದೇ ಹೊಳೆಯ ನೀರನ್ನು ಕೆಳಗೆ ಬಂಟ್ವಾಳ, ಮಂಗಳೂರಿನ ಜನ ಕುಡಿಯುತ್ತಾರೆ. ಛತ್ರದಲ್ಲಿ ಉಣ್ಣುವಷ್ಟನ್ನೇ ಬಡಿಸಿಕೊಳ್ಳಿ. ಬೇಕಾದರೆ ಎರಡನೆಯ ಸಲ ಕೇಳಿ, ಖಂಡಿತ ಬಡಿಸುತ್ತಾರೆ. ಬೇಸಿಗೆಯ ಕೊನೆಯ ವಾರಗಳಲ್ಲಿ ನೀರು ಇಳಿದಿದೆ ಎಂದು ತಿಳಿದರೆ, ಮಳೆ ಹಿಡಿದ ಮೇಲೆ ಬನ್ನಿ.