ಒಂಬತ್ತರಲ್ಲಿ ಐದು

ಆಸ್ಪತ್ರೆಯಲ್ಲಿ ಚಿಕ್ಕಮ್ಮನ ಕೈಗೆ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಬೇಸರ ಎಷ್ಟು ದಿನ ಕಾಡಿತು ಎಂಬಂಥ ಒಂಬತ್ತು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಪೂರ್ತಿ ಓದಿ ಕನ್ನಡಕ ಹಣೆಗೇರಿಸಿ, "ಮೋಷನ್ ಸರಿಯಾಗಿ ಆಗದೆ ತಿಂಗಳಾಯ್ತು. ಅದನ್ನ ಎಲ್ಲೂ ಕೇಳೇ ಇಲ್ವಲ್ಲೋ" ಅಂದರು. ನಾನು ನಕ್ಕುಬಿಟ್ಟೆ. ಆ ಹಾಳೆಯ ವಂಶಾವಳಿ ಹುಡುಕುತ್ತ ಹೋದ ಮೇಲೆ ನಗು ನಿಂತಿತು. ಖಿನ್ನತೆಯ ಮೊದಮೊದಲ ಪಟ್ಟಿಯಲ್ಲಿ ಮಲಬದ್ಧತೆ ಇತ್ತು!

1957. ಅಮೆರಿಕದ ಮನೋವೈದ್ಯರೆಲ್ಲ ಫ್ರಾಯ್ಡ್ ಗುಂಗಿನಲ್ಲಿದ್ದ ಕಾಲ. ರೋಗಿಯ ಬಾಲ್ಯ ಕೆದಕುವುದೇ ದೊಡ್ಡ ಕೆಲಸ, ಲಕ್ಷಣ ಎಣಿಸುವುದು ಗುಮಾಸ್ತಿಕೆ. ಬಾಸ್ಟನ್ನಿನಲ್ಲಿ ವಾಲ್ಟರ್ ಕ್ಯಾಸಿಡಿ, ಮ್ಯಾಂಡೆಲ್ ಕೋಹೆನ್ ಮತ್ತು ಸಂಗಡಿಗರು ಆ ಗುಮಾಸ್ತಿಕೆಯನ್ನೇ ಮಾಡಿದರು. ನೂರು ರೋಗಿಗಳನ್ನು ಕೂರಿಸಿ ಕೇಳಿದರು. ಮಂಕು ಕವಿದ ಮನಸ್ಸಿನ ಜೊತೆಗೆ ಹತ್ತು ಲಕ್ಷಣಗಳಲ್ಲಿ ಆರಾದರೂ ಇರಬೇಕು ಎಂದು ಗೆರೆ ಎಳೆದರು. ನಿಧಾನವಾದ ಯೋಚನೆ, ಊಟ ಸೇರದಿರುವುದು, ತೂಕ ಇಳಿಯುವುದು, ಸುಸ್ತು, ಸಾಯುವ ಆಲೋಚನೆ, ಕೈ ಹಿಸುಕಿಕೊಳ್ಳುತ್ತ ಶತಪಥ ಹಾಕುವುದು. ಇವುಗಳ ನಡುವೆ ಚಿಕ್ಕಮ್ಮನ ದೂರೂ ಇತ್ತು. ಆರೇ ಏಕೆ? ಅಷ್ಟು ಸರಿ ಎನ್ನಿಸಿತು ಎಂದರಂತೆ ಕೋಹೆನ್. ಹುಳಿಗೆ ಉಪ್ಪು ಹಾಕುವ ಕಣ್ಣಂದಾಜು.

1972ರಲ್ಲಿ ಸೇಂಟ್ ಲೂಯಿಸ್‌ನ ವೈದ್ಯರು ಈ ಪಟ್ಟಿಯನ್ನು ತಿದ್ದಿದರು. ತಲೆಯಾಳುಗಳು ರಾಬಿನ್ಸ್, ಗೂಜ್, ವಿನೋಕರ್. ಲೇಖನದಲ್ಲಿ ಮೊದಲ ಹೆಸರು ಮಾತ್ರ ಕಿರಿಯ ವೈದ್ಯ ಫೈನರ್‌ನದು. ಹತ್ತು ಲಕ್ಷಣ ಎಂಟಾಯಿತು, ಆರು ಐದಾಯಿತು, ಅವಧಿ ಒಂದು ತಿಂಗಳು. ತಪ್ಪಿತಸ್ಥ ಭಾವ ಒಳಗೆ ಬಂತು, ಮಲಬದ್ಧತೆ ಹೊರಗೆ ಹೋಯಿತು.

ಇಂಥ ಪಟ್ಟಿ ಬೇಕೇ ಇತ್ತು ಅನ್ನಿ. ಒಂದೇ ಬಗೆಯ ರೋಗಿಗೆ ನ್ಯೂಯಾರ್ಕಿನಲ್ಲಿ ಸ್ಕಿಜೋಫ್ರೇನಿಯಾ ಎಂದೂ ಲಂಡನ್ನಿನಲ್ಲಿ ಉನ್ಮಾದ-ಖಿನ್ನತೆ ಎಂದೂ ಹಣೆಪಟ್ಟಿ ಹಚ್ಚುತ್ತಿದ್ದ ದಿನಗಳವು. ಅದನ್ನು ಸರಿಪಡಿಸಲು ಹೊರಟವರು ರಾಬರ್ಟ್ ಸ್ಪಿಟ್ಜರ್. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ 134 ಪುಟದ, ಸುರುಳಿ ತಂತಿ ಹಾಕಿದ ಪುಸ್ತಕ. ಒಂದೊಂದು ಕಾಯಿಲೆಗೆ ಒಂದೊಂದು ಪ್ಯಾರಾ. ಸ್ಪಿಟ್ಜರ್ ಹೊಣೆ ಹೊತ್ತ 1980ರ ಆವೃತ್ತಿ 494 ಪುಟ. ಸುತ್ತ ತಜ್ಞರು ಕೂಗಾಡುತ್ತಿದ್ದರೆ ಸ್ಪಿಟ್ಜರ್ ನಡುವೆ ಕೂತು ಟೈಪ್ ಮಾಡುತ್ತಿದ್ದರಂತೆ. ಆಗ ಪ್ಯಾನಿಕ್ ಕಾಯಿಲೆ ಎನ್ನಲು ಮೂರು ವಾರದಲ್ಲಿ ಮೂರು ಸಲ ಗಾಬರಿ ಅಪ್ಪಳಿಸಬೇಕಿತ್ತು, ಪ್ರತಿ ಸಲವೂ ಹನ್ನೆರಡರಲ್ಲಿ ನಾಲ್ಕು ಲಕ್ಷಣ ಬೇಕಿತ್ತು. ಸ್ಕಿಜೋಫ್ರೇನಿಯಾಕ್ಕೆ ಆರು ತಿಂಗಳ ಅವಧಿ. 'ನ್ಯೂರೋಸಿಸ್' ಎಂಬ ಪದವನ್ನೇ ಕಿತ್ತುಹಾಕುತ್ತಾರೆಂದು ಫ್ರಾಯ್ಡ್ ಅನುಯಾಯಿಗಳು ಸಿಡಿದೆದ್ದಾಗ ಕೊನೆಗೆ ರಾಜಿಯಾಯಿತು: ಪದ ಉಳಿಯಿತು, ಕಂಸದೊಳಗೆ.

ಖಿನ್ನತೆಯ ಅವಧಿ ಎರಡು ವಾರಕ್ಕಿಳಿಯಿತು. 1987ರ ಪರಿಷ್ಕರಣೆಯಲ್ಲಿ ಲೆಕ್ಕ ಒಂಬತ್ತರಲ್ಲಿ ಐದಕ್ಕೆ ಬಂದು ನಿಂತಿತು. ನಾಲ್ಕು ಕಡಿಮೆ, ಆರು ಜಾಸ್ತಿ ಎನ್ನಿಸಿತ್ತು ಎಂದು ಸ್ಪಿಟ್ಜರ್ ಮುಂದೊಮ್ಮೆ ಹೇಳಿದರಂತೆ. ಮತ್ತದೇ ಉಪ್ಪು. ಚಿಕ್ಕಮ್ಮನ ಹಾಳೆಯ ಹಿಂದಿರುವ ಹೆಸರುಗಳಲ್ಲೂ ಸ್ಪಿಟ್ಜರ್, ಅವರ ಪತ್ನಿ ಜಾನೆಟ್ ವಿಲಿಯಮ್ಸ್, ಕರ್ಟ್ ಕ್ರೋಯೆಂಕೆ ಇದ್ದಾರೆ. ದುಡ್ಡು ಫೈಜರ್ ಔಷಧ ಕಂಪನಿಯದು.

ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮ ಕಡೆ ದುಃಖ ಮೊದಲು ಮೈಯಲ್ಲೇ ಮಾತಾಡುತ್ತದೆ: ಎದೆ ಭಾರ, ತಲೆ ಉರಿ, ಕೈಕಾಲು ಸೆಳೆತ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಕಾರ್‌ಸ್ಟೇರ್ಸ್ ಉಡುಪಿ ಕಡೆಯ ಕೋಟದಲ್ಲಿ ಬ್ರಾಹ್ಮಣರ, ಬಂಟರ, ಮೊಗವೀರರ ಮನೆಮನೆಗೆ ಹೋಗಿ ಮನಸ್ಸಿನ ಸಂಕಟ ವಿಚಾರಿಸಿದಾಗ ಮೈಮೇಲೆ ಬರುವುದನ್ನೂ ಬಿಡದೆ ಕೇಳಿದ್ದರು. 1976ರಲ್ಲಿ ಅದು ಪುಸ್ತಕವಾಯಿತು. ಆಸ್ಪತ್ರೆಯ ಹಾಳೆಗೆ ಅಷ್ಟು ವ್ಯವಧಾನವಿಲ್ಲ.

ನರ್ಸ್ ಕೂಡಿದಾಗ ಚಿಕ್ಕಮ್ಮನದು ಒಂಬತ್ತು ಅಂಕ. ಗೆರೆ ಇರುವುದು ಹತ್ತಕ್ಕೆ. ಚಿಕ್ಕಮ್ಮ ಪೆನ್ನು ಇಸಿದುಕೊಂಡು, ಹಾಳೆಯ ಅಂಚಿನಲ್ಲಿ ತಮ್ಮದೇ ಒಂದು ಸಾಲು ಬರೆದು, ಅದರ ಮುಂದೆ ಮೂರು ಅಂಕ ಹಾಕಿಕೊಂಡರು.