ಯುರೇನಿಯಂ ಹೆಕ್ಸಾಫ್ಲೋರೈಡ್: ವಿಕಿರಣಕ್ಕಿಂತ ಮೊದಲು ಆಮ್ಲದ ಅಪಾಯ

ಏನಿದು?
ಅಣು ಇಂಧನಕ್ಕಾಗಿ ಯುರೇನಿಯಂ ಸಂವರ್ಧನೆ ಮಾಡುವಾಗ ಬಳಸುವ ಬಿಳಿ ಹರಳು. ಸುಮಾರು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಅನಿಲವಾಗುತ್ತದೆ. ಮೈಸೂರು ಸಮೀಪದ ರತ್ನಹಳ್ಳಿಯಲ್ಲಿ ಸಂವರ್ಧನಾ ಘಟಕವಿದೆ.

ಅಪಾಯವೇನು?
ಸೋರಿದರೆ ಗಾಳಿಯ ತೇವಾಂಶದೊಂದಿಗೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಇದು ಚರ್ಮ, ಕಣ್ಣು, ಶ್ವಾಸಕೋಶವನ್ನು ಸುಡುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ದೇಹ ಸೇರಿದ ಯುರೇನಿಯಂ ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು. 1986ರಲ್ಲಿ ಅಮೆರಿಕದ ಓಕ್ಲಹೋಮಾದ ಘಟಕವೊಂದರಲ್ಲಿ ಅತಿಯಾಗಿ ತುಂಬಿದ್ದ ಸಿಲಿಂಡರ್ ಬಿಸಿ ಮಾಡುವಾಗ ಒಡೆದು ಕಾರ್ಮಿಕರೊಬ್ಬರು ಮೃತಪಟ್ಟರು; ಕಾರಣ ವಿಕಿರಣವಲ್ಲ, ಆಮ್ಲದ ಹೊಗೆ.

ತಗುಲಿದರೆ ಏನು ಮಾಡಬೇಕು?
• ತಕ್ಷಣ ಶುದ್ಧ ಗಾಳಿಯಿರುವ ಕಡೆಗೆ ಹೋಗಿ.
• ಬಟ್ಟೆ ತೆಗೆದು, ಚರ್ಮ ಮತ್ತು ಕಣ್ಣುಗಳನ್ನು ಧಾರಾಳ ನೀರಿನಿಂದ ತೊಳೆಯಿರಿ.
• ಚರ್ಮಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಬೇಕು, ಕಣ್ಣಿಗೆ ಹಚ್ಚಬಾರದು.
• ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಕೆಲವೊಮ್ಮೆ ಉರಿ ಗಂಟೆಗಳ ನಂತರ ಶುರುವಾಗುತ್ತದೆ.

ರೋಗಿಯನ್ನು ಕರೆದೊಯ್ಯುವವರು ತಗುಲಿದ್ದು ಯಾವ ರಾಸಾಯನಿಕ, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಸಾಮಾನ್ಯ ಸುಟ್ಟಗಾಯವೆಂದು ಮುಲಾಮು ಹಚ್ಚಿ ಕಾಯುವುದು ಬೇಡ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲೂ ಇದೇ ಆಮ್ಲವಿರುವುದರಿಂದ ಈ ಎಚ್ಚರ ಮನೆಗೂ ಅನ್ವಯಿಸುತ್ತದೆ.