ದತ್ತಸಂಚಯದ ಅಭ್ಯಾಸಕ್ರಮ: ಉತಾರದ ನಿದರ್ಶನದಿಂದ ಒಂದು ವಿವೇಚನೆ

ಗಣಕಯಂತ್ರದಲ್ಲಿ ಮಾಹಿತಿಯನ್ನು ಕೋಷ್ಟಕಗಳಾಗಿ ಇರಿಸಿ ಬಳಸುವ ಕ್ರಮಕ್ಕೆ ಸಂಬಂಧಾತ್ಮಕ ದತ್ತಸಂಚಯವೆಂದು ಹೆಸರು. ಇದರ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯ ಇ. ಎಫ್. ಕಾಡ್ ಅವರು 1970ರಲ್ಲಿ ವಿಶದಪಡಿಸಿದರು. 'ಸಂಬಂಧ'ವೆಂದರೆ ಕೋಷ್ಟಕಗಳ ನಡುವಣ ನಂಟೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ವಾಸ್ತವವಾಗಿ ಅದು ಗಣಿತಶಾಸ್ತ್ರದ ಪಾರಿಭಾಷಿಕ ಶಬ್ದ. ಒಂದೊಂದು ಕೋಷ್ಟಕವೂ ಒಂದೊಂದು ಸಂಬಂಧವೇ ಆಗಿದೆ.

ಈ ವಿದ್ಯೆಯನ್ನು ಪರಿಚಿತ ವಸ್ತುವಿನ ಮೂಲಕ ಕಲಿಯುವುದು ಲೇಸು. ಕರ್ನಾಟಕದ 'ಭೂಮಿ' ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಹಣಿಯನ್ನು ಬೆಳಗಾವಿ ಸೀಮೆಯ ರೈತರು ಉತಾರವೆನ್ನುವರು. ಉತಾರದಲ್ಲಿ ಹೆಸರೊಂದು ತಪ್ಪಿದರೆ ಬೆಳೆಸಾಲಕ್ಕೆ ಅಡ್ಡಿ. ಹಿಸ್ಸೆಯೊಂದು ತಪ್ಪಿದರೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ. ಆದಕಾರಣ ಅದನ್ನೇ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಕೆಳಗಣ ಕೋಷ್ಟಕಗಳು ಅಭ್ಯಾಸಕ್ಕಾಗಿ ನಾವು ಕಲ್ಪಿಸಿದವು. ಸರಕಾರದ ತಂತ್ರಾಂಶದ ಒಳರಚನೆಯಲ್ಲ.

ಮೊದಲು ಕಾಗದದ ಮೇಲೆ ನಾಲ್ಕು ಕೋಷ್ಟಕಗಳನ್ನು ಬರೆಯಬೇಕು: ಗ್ರಾಮ, ಜಮೀನು, ಖಾತೆದಾರ, ಹಿಸ್ಸೆ. ಒಂದು ಜಮೀನಿಗೆ ಹಲವು ಖಾತೆದಾರರು, ಒಬ್ಬ ಖಾತೆದಾರನಿಗೆ ಹಲವು ಜಮೀನುಗಳು ಇರಬಹುದಾದ್ದರಿಂದ ನಾಲ್ಕನೆಯ ಕೋಷ್ಟಕ ಅವಶ್ಯವಾಗುತ್ತದೆ. ತರುವಾಯ ಪ್ರತಿ ಸಾಲನ್ನೂ ಗುರುತಿಸುವ ಕೀಲಿ ಯಾವುದೆಂದು ಕೇಳಿಕೊಳ್ಳಬೇಕು. ಸರ್ವೆ ನಂಬರ 12 ಗೋಕಾಕದ ಹಳ್ಳಿಯಲ್ಲಿಯೂ ಇದೆ, ಹುಕ್ಕೇರಿಯ ಹಳ್ಳಿಯಲ್ಲಿಯೂ ಇದೆ. ಗ್ರಾಮದ ಸಂಕೇತ ಕೂಡಿದಾಗಲೇ ಅದು ಕೀಲಿಯಾಗುವುದು. ಮನುಷ್ಯರ ಹೆಸರಂತೂ ಕೀಲಿಯಾಗಲಾರದು. ಒಂದೇ ಹೆಸರಿನವರು ಊರಿಗೆ ಹತ್ತಾರು ಮಂದಿ ಇರುವುದು ಒಂದು ಕಾರಣ; ಬರಹದ ಭೇದ ಇನ್ನೊಂದು. 'ಗೋಕಾಕ', 'ಗೋಕಾಕ್' ಎರಡೂ ನಮಗೆ ಒಂದೇ ಊರು. ಯಂತ್ರಕ್ಕೆ ಬೇರೆ ಬೇರೆ.

ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂಬ ನಿಯಮದ ಬೆಲೆಯನ್ನು ಮೂಡಲಗಿ ತೋರಿಸಿಕೊಡುತ್ತದೆ. 2011ರ ಜನಗಣತಿಯ ಕಾಲಕ್ಕೆ ಅದು ಗೋಕಾಕ ತಾಲೂಕಿನೊಳಗಿದ್ದಿತು. ಆ ಬಳಿಕ ಸ್ವತಂತ್ರ ತಾಲೂಕಾಗಿ ಕಲ್ಲೋಳಿ ಮೊದಲಾದ ಊರುಗಳು ಅದಕ್ಕೆ ಸೇರಿದವು. ತಾಲೂಕಿನ ಹೆಸರನ್ನು ಪ್ರತಿಯೊಂದು ಉತಾರದ ಸಾಲಿನಲ್ಲಿಯೂ ಬರೆದಿದ್ದರೆ ಸಾವಿರಾರು ಸಾಲುಗಳನ್ನು ತಿದ್ದಬೇಕು. ನಾಲ್ಕು ಸಾಲು ಉಳಿದರೂ ಒಂದೇ ಊರು ಎರಡು ತಾಲೂಕುಗಳಲ್ಲಿ ಕಾಣಿಸಿಕೊಳ್ಳುವುದು. ಗ್ರಾಮದ ಕೋಷ್ಟಕದಲ್ಲಿ ಮಾತ್ರ ಬರೆದಿದ್ದರೆ ಊರಿಗೊಂದು ಸಾಲು ತಿದ್ದಿದರೆ ಸಾಕು. ಆದರೆ ಗೋಕಾಕದ ತಹಶೀಲ್ದಾರರು ಹಿಂದೆ ಕೊಟ್ಟ ಆದೇಶ ಮೂಡಲಗಿಯದೆಂದು ಕಾಣಬಾರದು. ಅದಕ್ಕಾಗಿ ಯಾವ ದಿನದಿಂದ ಯಾವ ದಿನದವರೆಗೆ ಯಾವ ತಾಲೂಕು ಎಂಬುದನ್ನು ಪ್ರತ್ಯೇಕವಾಗಿ ಇರಿಸುವುದು ಉಚಿತ.

ಅಳತೆಯಲ್ಲಿಯೂ ಎಚ್ಚರ ಬೇಕು. ಎಕರೆಗೆ 40 ಗುಂಟೆ. 1 ಎಕರೆ 25 ಗುಂಟೆಯನ್ನು 1.25 ಎಂದು ಬರೆದು ಅಂಥ ಎರಡನ್ನು ಕೂಡಿಸಿದರೆ ಯಂತ್ರವು 2.50 ಎನ್ನುವುದು, ನಿಜವಾದ ಮೊತ್ತ 3 ಎಕರೆ 10 ಗುಂಟೆ. ಎಲ್ಲವನ್ನೂ ಗುಂಟೆಗಳಲ್ಲಿ ಪೂರ್ಣಾಂಕವಾಗಿ, 65 ಎಂದು ಇರಿಸಿದರೆ ಈ ದೋಷ ತಲೆದೋರದು. ಅಳತೆ ತಿಳಿಯದಿದ್ದಲ್ಲಿ ಸೊನ್ನೆ ಬರೆಯದೆ 'ನಲ್' ಎಂದು ಬಿಡಬೇಕು. ತಿಳಿಯದಿರುವುದು ಬೇರೆ, ಇಲ್ಲದಿರುವುದು ಬೇರೆ.

ವಾಟ್ನಿಯಾದಾಗ ತಂದೆಯ ಹೆಸರಿನ ಸಾಲು ಹೋಗಿ ಮಕ್ಕಳ ಸಾಲುಗಳು ಬರಬೇಕು. ನಡುವೆ ವಿದ್ಯುತ್ತು ನಿಂತರೆ ಹೊಲ ಯಾರದೂ ಅಲ್ಲದಂತಾದೀತು. ಆದ್ದರಿಂದ ಇಂಥ ಬದಲಾವಣೆಗಳನ್ನು 'ಬಿಗಿನ್' ಮತ್ತು 'ಕಮಿಟ್' ಆಜ್ಞೆಗಳ ನಡುವೆ ಇರಿಸಬೇಕು. ಆದರೆ ಎಲ್ಲವೂ ಆಗುವುದು, ಇಲ್ಲವಾದರೆ ಯಾವುದೂ ಆಗದು. 'ಅಪ್‌ಡೇಟ್' ಕೊಡುವ ಮುನ್ನ ಅದೇ 'ವೇರ್' ನಿಬಂಧನೆಯೊಡನೆ 'ಸೆಲೆಕ್ಟ್' ನಡೆಯಿಸಿ, ಎಷ್ಟು ಸಾಲುಗಳು ಬರುವುವೆಂದು ಎಣಿಸುವ ರೂಢಿಯನ್ನು ವಿದ್ಯಾರ್ಥಿಗಳಲ್ಲಿ ಮೊದಲ ದಿನದಿಂದಲೇ ಬೆಳೆಸಬೇಕು.

ಆರಂಭಕ್ಕೆ ಎಸ್‌ಕ್ಯೂಲೈಟ್ ಸಾಕು. ಅದು ಉಚಿತ, ದತ್ತಸಂಚಯವೆಲ್ಲ ಒಂದೇ ಕಡತದಲ್ಲಿ ಅಡಗುವುದು. ಆದರೆ ಕೋಷ್ಟಕಗಳ ನಡುವಣ ಕೀಲಿಯ ಕಟ್ಟಳೆಯನ್ನು ಅದು ಸಾಮಾನ್ಯವಾಗಿ ತಾನಾಗಿ ಜಾರಿಗೊಳಿಸುವುದಿಲ್ಲ; ಪ್ರತಿ ಸಂಪರ್ಕದಲ್ಲಿಯೂ ನಾವೇ ಆಜ್ಞೆ ಕೊಡಬೇಕು. ಮುಂದೆ ಪೋಸ್ಟ್‌ಗ್ರೆಸ್‌ಗೆ ಹೋಗಬಹುದು. ತಂತ್ರಾಂಶಗಳು ಬದಲಾಗುತ್ತವೆ, ಒಂದು ಸಾಲಿನ ಹಿಂದೆ ಒಂದು ಹೊಲ, ಒಂದು ಮನೆತನ ಇದೆಯೆಂಬ ಅರಿವು ಮಾತ್ರ ಯಾವ ತಂತ್ರಾಂಶದಲ್ಲಿಯೂ ಬೇಕಾದುದು.